ಬುಧವಾರ ಮುಂಜಾನೆ ಕಾಣೆಯಾಗುವ ವೈಫೈ

ಅಥಣಿ ತಾಲ್ಲೂಕಿನ ಐಗಳಿ ದ್ರಾಕ್ಷಿ ಬೆಳೆಯುವ ಸೀಮೆ. ಬೇಸಿಗೆ ಮೊದಲಾಗುವ ಹೊತ್ತಿಗೆ ಇಲ್ಲಿಯ ಶೆಡ್ಡುಗಳಲ್ಲಿ ಮಣೂಕ ಒಣಗುತ್ತಿರುತ್ತದೆ. ಬೆಳೆ ತೋಟದಲ್ಲಿದ್ದರೂ ಅದರ ಕಾಗದಪತ್ರವೆಲ್ಲ ಈಗ ಕಂಪ್ಯೂಟರಿನೊಳಗೆ ಸೇರಿದೆ. ಉತಾರ (ಪಹಣಿ) ತೆಗೆಸಬೇಕು, ಬೆಳೆವಿಮೆ ತುಂಬಬೇಕು, ಜಾತಿ-ಆದಾಯದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು, ಮಗಳ ಸ್ಕಾಲರ್‌ಶಿಪ್ಪಿನ ಕೊನೆಯ ದಿನಾಂಕ ಹತ್ತಿರ ಬಂದಿದೆ. ಎಲ್ಲದಕ್ಕೂ ಆನ್‌ಲೈನ್ ಅಂಗಡಿಯ ಮೆಟ್ಟಿಲನ್ನೇ ಹತ್ತಬೇಕು. ಇಂಥ ಊರುಗಳ ಅಂಗಡಿಗಳಲ್ಲಿ ಒಮ್ಮೊಮ್ಮೆ ಮುಂಜಾನೆ ಹೀಗೊಂದು ಮಾತುಕತೆ ನಡೆಯುತ್ತದೆ.

“ಉತಾರ ತಗದ ಕೊಡ ತಮ್ಮಾ, ಸೊಸೈಟಿಗೆ ಹೋಗೋದೈತಿ.”

“ನೆಟ್ ಹೋಗೇತ್ರಿ ಕಾಕಾ. ರಾತ್ರಿ ಅಪ್‌ಡೇಟ್ ಆತು, ಮುಂಜಾನಿಂದ ವೈಫೈ ಕಾಣವಲ್ದು.”

ಕಾಕಾ ವಾಪಸು ಹೋಗುತ್ತಾರೆ. ಅವರ ಅರ್ಧ ದಿನದ ಕೆಲಸ ಕೆಡುತ್ತದೆ. 2000ರಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಪಹಣಿಗಳನ್ನು ಗಣಕೀಕರಿಸಿದ ಮೇಲೆ ಕೈಬರಹದ ಉತಾರಕ್ಕೆ ಬೆಲೆ ಉಳಿಯಲಿಲ್ಲ. 2023ರ ಜುಲೈ 19ರಂದು ಗೃಹಲಕ್ಷ್ಮಿ ಯೋಜನೆಯ ನೋಂದಣಿ ಶುರುವಾದಾಗ ಗ್ರಾಮ ಒನ್ ಮತ್ತು ಬಾಪೂಜಿ ಸೇವಾ ಕೇಂದ್ರಗಳ ಮುಂದೆ ಹೆಣ್ಣುಮಕ್ಕಳ ಸಾಲು ನಿಂತದ್ದನ್ನು ಹಳ್ಳಿಯ ಜನ ಮರೆತಿಲ್ಲ. ಕೌಂಟರಿನ ಮೇಲಿನ ಒಂದು ಡೆಸ್ಕ್‌ಟಾಪ್ ನೆಟ್ ಕಳೆದುಕೊಂಡರೆ ಅದರ ಮುಂದೆ ನಿಂತವರೆಲ್ಲರ ಕೆಲಸವೂ ನಿಲ್ಲುತ್ತದೆ. ಆದ್ದರಿಂದ ಈ ತೊಂದರೆಯನ್ನು ತಾನೇ ಬಗೆಹರಿಸಿಕೊಳ್ಳುವ ದಾರಿ ಕೌಂಟರಿನಲ್ಲಿ ಕೂತ ಹುಡುಗನಿಗೂ ಹುಡುಗಿಗೂ ಗೊತ್ತಿರಬೇಕು. ಅದು ಕಷ್ಟದ ವಿದ್ಯೆಯಲ್ಲ, ಒಂದು ಕ್ರಮದಲ್ಲಿ ನೋಡುತ್ತ ಹೋಗಬೇಕು, ಅಷ್ಟೇ.

ಈ ತೊಂದರೆ ಬುಧವಾರವೇ ಹೆಚ್ಚಾಗಿ ಕಾಣಿಸುವುದಕ್ಕೆ ಕಾರಣವಿದೆ. ಮೈಕ್ರೋಸಾಫ್ಟ್ ಕಂಪನಿ 2003ರಿಂದ ವಿಂಡೋಸ್‌ನ ಮುಖ್ಯ ಅಪ್‌ಡೇಟುಗಳನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುಗಡೆ ಮಾಡುತ್ತ ಬಂದಿದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ 10 ಗಂಟೆಯಾದಾಗ ಭಾರತದಲ್ಲಿ ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆ. ಅಂಗಡಿ ಮುಚ್ಚಿದ ಮೇಲೂ ಚಾಲೂ ಇರುವ ಯಂತ್ರ ಅದನ್ನು ರಾತ್ರಿಯೇ ಇಳಿಸಿಕೊಳ್ಳುತ್ತದೆ. ಬಂದ್ ಆದ ಯಂತ್ರ ಮರುದಿನ ಚಾಲೂ ಮಾಡಿದಾಗ ಇಳಿಸಿಕೊಳ್ಳುತ್ತದೆ.

ಅಪ್‌ಡೇಟ್ ಬಂದರೆ ವೈಫೈ ಏಕೆ ಹೋಗಬೇಕು? ಗಡಿ ಭಾಗದವರಿಗೆ ಇದನ್ನು ತಿಳಿಯುವುದು ಸುಲಭ. ಕನ್ನಡ ಮಾತ್ರ ಬಲ್ಲ ರೈತ, ಮರಾಠಿ ಮಾತ್ರ ಬಲ್ಲ ವ್ಯಾಪಾರಿ, ಇಬ್ಬರ ನಡುವೆ ಎರಡೂ ಬಲ್ಲ ಒಬ್ಬ ದುಭಾಷಿ ಇದ್ದರೆ ವ್ಯವಹಾರ ಕುದುರುತ್ತದೆ. ಕಂಪ್ಯೂಟರಿನಲ್ಲಿ ವಿಂಡೋಸ್ ಒಂದು ಕಡೆ, ವೈಫೈ ಹಿಡಿಯುವ ಚಿಪ್ಪು ಇನ್ನೊಂದು ಕಡೆ. ನಡುವಿನ ದುಭಾಷಿಗೆ ‘ಡ್ರೈವರ್’ ಎಂದು ಹೆಸರು. ಅದು ಒಂದು ಸಣ್ಣ ತಂತ್ರಾಂಶ. ರಾತ್ರಿಯ ಅಪ್‌ಡೇಟಿನಲ್ಲಿ ವಿಂಡೋಸ್‌ನ ಮಾತಿನ ರೀತಿ ಬದಲಾದರೆ, ಅಥವಾ ಹಳೆಯ ದುಭಾಷಿಯನ್ನು ಕಳಿಸಿ ಹೊಸಬನನ್ನು ತಂದು ಕೂರಿಸಿದರೆ, ಮುಂಜಾನೆ ಮಾತು ನಿಲ್ಲುತ್ತದೆ. ಚಿಪ್ಪು ಸುಟ್ಟಿರುವುದಿಲ್ಲ, ನೆಟ್ ಕೊಡುವ ಕಂಪನಿಯ ಲೈನೂ ಕಡಿದಿರುವುದಿಲ್ಲ.

ಹಾಗಿದ್ದರೂ ಮೊದಲು ನೋಡಬೇಕಾದದ್ದು ಲೈನನ್ನೇ. ಅಂಗಡಿಯ ವೈಫೈಗೆ ಮೊಬೈಲನ್ನು ಜೋಡಿಸಿ, ಮೊಬೈಲ್ ಡೇಟಾ ಬಂದ್ ಮಾಡಿ, ಯಾವುದಾದರೊಂದು ಜಾಲತಾಣ ತೆರೆಯಬೇಕು. ಮೊಬೈಲಿನಲ್ಲೂ ತೆರೆಯದಿದ್ದರೆ ದೋಷ ರೌಟರಿನದು ಅಥವಾ ಲೈನಿನದು. ಮೊಬೈಲಿನಲ್ಲಿ ತೆರೆದು ಡೆಸ್ಕ್‌ಟಾಪಿನಲ್ಲಿ ತೆರೆಯದಿದ್ದರೆ ದೋಷ ಡೆಸ್ಕ್‌ಟಾಪಿನದು. ಒಂದು ನಿಮಿಷದ ಈ ಪರೀಕ್ಷೆ ಮಾಡದೆ ಲೈನ್‌ಮನ್‌ಗೆ ಫೋನ್ ಮಾಡಿ ಮಧ್ಯಾಹ್ನದವರೆಗೆ ಕಾಯುವವರು ಬಹಳ.

ಎರಡನೆಯ ಕೆಲಸ, ಯಂತ್ರವನ್ನು ಒಮ್ಮೆ ಮತ್ತೆ ಚಾಲೂ ಮಾಡುವುದು. ಇಲ್ಲೊಂದು ಸೂಕ್ಷ್ಮವಿದೆ. 2012ರ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಬಂದಿದೆ. ‘ಶಟ್ ಡೌನ್’ ಒತ್ತಿದಾಗ ಯಂತ್ರ ತನ್ನ ಒಳಗಿನ ಸ್ಥಿತಿಯನ್ನು, ಡ್ರೈವರುಗಳನ್ನೂ ಸೇರಿಸಿ, ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಮರುದಿನ ಅದನ್ನೇ ಓದಿಕೊಂಡು ಬೇಗ ಏಳುತ್ತದೆ. ರಾತ್ರಿ ಕೆಟ್ಟಿದ್ದ ಸ್ಥಿತಿಯೂ ಹಾಗೆಯೇ ಎದ್ದು ಬರುತ್ತದೆ. ‘ರಿಸ್ಟಾರ್ಟ್’ ಒತ್ತಿದಾಗ ಮಾತ್ರ ಎಲ್ಲವೂ ಮೊದಲಿಂದ ಶುರುವಾಗುತ್ತದೆ. ಹತ್ತು ಸಲ ಬಂದ್ ಮಾಡಿ ಚಾಲೂ ಮಾಡಿದರೂ ಸರಿಯಾಗದ ವೈಫೈ ಒಂದೇ ರಿಸ್ಟಾರ್ಟಿಗೆ ಸರಿಯಾಗುವುದು ಇದೇ ಕಾರಣಕ್ಕೆ.

2016ರ ಡಿಸೆಂಬರಿನಲ್ಲಿ ಇದು ಲೋಕಕ್ಕೇ ಗೊತ್ತಾಯಿತು. ಆಗ ವಿಂಡೋಸ್ 10ರ ಹಲವು ಯಂತ್ರಗಳು ಇದ್ದಕ್ಕಿದ್ದಂತೆ ಇಂಟರ್‌ನೆಟ್ ಕಳೆದುಕೊಂಡವು. ಬ್ರಿಟನ್ನಿನ ಬಿಟಿ, ಪ್ಲಸ್‌ನೆಟ್‌ನಂಥ ಸೇವಾ ಕಂಪನಿಗಳಿಗೆ ಗ್ರಾಹಕರ ದೂರುಗಳು ಬಂದವು. ರೌಟರ್ ಹಂಚಿಕೊಡುವ ವಿಳಾಸವನ್ನು ಆ ಯಂತ್ರಗಳು ಪಡೆದುಕೊಳ್ಳಲು ಆಗುತ್ತಿರಲಿಲ್ಲ. ಮೈಕ್ರೋಸಾಫ್ಟ್ ತನ್ನ ಸಹಾಯ ಪುಟದ ತಲೆಯ ಮೇಲೆ ಕೊಟ್ಟ ಸಲಹೆ ಇಷ್ಟೇ: ಯಂತ್ರವನ್ನು ರಿಸ್ಟಾರ್ಟ್ ಮಾಡಿ, ಶಟ್ ಡೌನ್ ಬೇಡ.

ರಿಸ್ಟಾರ್ಟಿಗೂ ಬಗ್ಗದಿದ್ದರೆ ಪರದೆಯ ಬಲ ಮೂಲೆಯನ್ನು ಗಮನವಿಟ್ಟು ನೋಡಬೇಕು. ಕಾಣೆಯಾದ ವೈಫೈಗೆ ನಾಲ್ಕು ಮುಖಗಳಿವೆ. ವೈಫೈ ಗುರುತೇ ಇಲ್ಲದಿರುವುದು ಮೊದಲನೆಯದು. ಗುರುತಿದ್ದು ಹೆಸರುಗಳ ಪಟ್ಟಿ ಖಾಲಿ ಇರುವುದು ಎರಡನೆಯದು. ಪಟ್ಟಿಯಲ್ಲಿ ಹೆಸರು ಕಂಡರೂ ಜೋಡಣೆಯಾಗದಿರುವುದು ಮೂರನೆಯದು. ಜೋಡಣೆಯಾದರೂ ‘ಇಂಟರ್‌ನೆಟ್ ಇಲ್ಲ’ ಎನ್ನುವುದು ನಾಲ್ಕನೆಯದು. ಯಾವ ಮುಖ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಅಪ್‌ಡೇಟ್ ಆದ ಮೇಲೆ ಡೆಸ್ಕ್‌ಟಾಪುಗಳಲ್ಲಿ ಮೊದಲನೆಯ ಮುಖವನ್ನು ಮುಖ್ಯವಾಗಿ ಗಮನಿಸಬೇಕು. ಲ್ಯಾಪ್‌ಟಾಪಿನಲ್ಲಿ ವೈಫೈ ಕಾರ್ಖಾನೆಯಿಂದಲೇ ಬಂದಿರುತ್ತದೆ. ಹಳೆಯ ಡೆಸ್ಕ್‌ಟಾಪಿಗೆ ಅದನ್ನು ಆಮೇಲೆ ಸೇರಿಸಿರುತ್ತಾರೆ, ಬಹುಪಾಲು ಕೆಲವು ನೂರು ರೂಪಾಯಿಯ ಯುಎಸ್‌ಬಿ ಡಾಂಗಲ್ ಆಗಿ. ಅದನ್ನು ಮಾಡಿದ ಕಂಪನಿ ಹೊಸ ಡ್ರೈವರ್ ಬರೆಯುವುದನ್ನು ಎಂದೋ ನಿಲ್ಲಿಸಿರಬಹುದು. ದುಭಾಷಿಗೆ ಹೊಸ ಮಾತು ಕಲಿಸುವವರೇ ಇಲ್ಲದಂತಾಗುತ್ತದೆ.

ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ‘ಡಿವೈಸ್ ಮ್ಯಾನೇಜರ್’ ಸಿಗುತ್ತದೆ. ಅದರಲ್ಲಿ ‘ನೆಟ್‌ವರ್ಕ್ ಅಡಾಪ್ಟರ್ಸ್’ ಸಾಲನ್ನು ಬಿಚ್ಚಿ ನೋಡಬೇಕು. ವೈಫೈ ಸಾಧನದ ಮೇಲೆ ಹಳದಿ ತ್ರಿಕೋನವಿದ್ದರೆ ಅದರ ಪ್ರಾಪರ್ಟೀಸ್‌ನಲ್ಲಿ ಒಂದು ಕೋಡ್ ಸಂಖ್ಯೆ ಇರುತ್ತದೆ. 28 ಎಂದರೆ ಡ್ರೈವರೇ ಇಲ್ಲ. 10 ಎಂದರೆ ಸಾಧನವನ್ನು ಚಾಲೂ ಮಾಡಲು ಆಗುತ್ತಿಲ್ಲ. 22 ಎಂದರೆ ಯಾರೋ ಅದನ್ನು ನಿಷ್ಕ್ರಿಯ ಮಾಡಿದ್ದಾರೆ, ‘ಎನೇಬಲ್’ ಒತ್ತಿದರೆ ಮುಗಿಯಿತು.

ಅದೇ ಪ್ರಾಪರ್ಟೀಸ್‌ನ ‘ಡ್ರೈವರ್’ ಪುಟದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಎಂಬ ಗುಂಡಿ ಇದೆ. ಅಪ್‌ಡೇಟ್ ಹೊಸ ಡ್ರೈವರ್ ಹಾಕಿದ್ದರೆ ಹಳೆಯದನ್ನು ವಿಂಡೋಸ್ ಬಿಸಾಡಿರುವುದಿಲ್ಲ, ಒಳಗೆಲ್ಲೋ ಎತ್ತಿಟ್ಟಿರುತ್ತದೆ. ಗುಂಡಿ ಒತ್ತಿ ರಿಸ್ಟಾರ್ಟ್ ಮಾಡಿದರೆ ನಿನ್ನೆಯ ದುಭಾಷಿ ಮತ್ತೆ ಬಂದು ಕೂರುತ್ತಾನೆ. ಗುಂಡಿ ಮಸುಕಾಗಿದ್ದರೆ ‘ಅನ್‌ಇನ್‌ಸ್ಟಾಲ್ ಡಿವೈಸ್’ ಒತ್ತಿ ರಿಸ್ಟಾರ್ಟ್ ಮಾಡಬಹುದು. ಏಳುವಾಗ ವಿಂಡೋಸ್ ಸಾಧನವನ್ನು ಹೊಸದಾಗಿ ಗುರುತಿಸಿ ತನ್ನಲ್ಲಿರುವ ಡ್ರೈವರನ್ನು ಮತ್ತೆ ಜೋಡಿಸುತ್ತದೆ. ಈ ಹಂತದಲ್ಲಿ ‘ಡ್ರೈವರ್ ಅಳಿಸು’ ಎಂಬ ಚೌಕಕ್ಕೆ ಗುರುತು ಹಾಕಬಾರದು.

ಪಟ್ಟಿಯಲ್ಲಿ ಸಾಧನವೇ ಇಲ್ಲದಿದ್ದರೆ ಎರಡು ವಿಷಯ ನೋಡಬೇಕು. ಕೆಲವು ಡಾಂಗಲುಗಳು ತಮ್ಮ ಡ್ರೈವರನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಬಂದಿರುತ್ತವೆ. ಚುಚ್ಚಿದಾಗ ಮೊದಲು ಸಿಡಿ ಡ್ರೈವಿನ ವೇಷದಲ್ಲಿ ಕಾಣಿಸಿಕೊಳ್ಳುತ್ತವೆ. ಡ್ರೈವರ್ ಸರಿಯಿದ್ದರೆ ವೇಷ ಕಳಚಿ ವೈಫೈ ಆಗುತ್ತವೆ, ಇಲ್ಲದಿದ್ದರೆ ಸಿಡಿಯಾಗಿಯೇ ಉಳಿಯುತ್ತವೆ. ‘ದಿಸ್ ಪಿಸಿ’ ತೆರೆದಾಗ ಹೊಸ ಸಿಡಿ ಡ್ರೈವ್ ಕಂಡರೆ ಅದರೊಳಗಿನ ಸೆಟಪ್ ಫೈಲನ್ನು ನಡೆಸಿದರೆ ಸಾಕು. ಎರಡನೆಯದು ಮದರ್‌ಬೋರ್ಡಿಗೆ ಕೂಡಿಸಿದ ವೈಫೈ ಕಾರ್ಡಿನ ಸಂಗತಿ. ಯಂತ್ರ ಬಂದ್ ಆಗಿದ್ದರೂ, ವೈರು ಗೋಡೆಯಲ್ಲಿದ್ದು ಸ್ವಿಚ್ ಚಾಲೂ ಇದ್ದರೆ ಮದರ್‌ಬೋರ್ಡಿಗೆ 5 ವೋಲ್ಟಿನ ಸಣ್ಣ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಗೊಂದಲಕ್ಕೆ ಬಿದ್ದ ಕಾರ್ಡು ಆ ಬಲದ ಮೇಲೆ ಗೊಂದಲದಲ್ಲೇ ಉಳಿಯಬಹುದು. ಯಂತ್ರ ಬಂದ್ ಮಾಡಿ, ವೈರನ್ನು ಪೂರ್ತಿ ಕಿತ್ತು, ಪವರ್ ಗುಂಡಿಯನ್ನು ಹದಿನೈದು ಸೆಕೆಂಡು ಒತ್ತಿಹಿಡಿದು, ಮತ್ತೆ ಜೋಡಿಸಿದರೆ ಕಾರ್ಡು ಎಚ್ಚರಗೊಳ್ಳುವುದುಂಟು.

ಇಷ್ಟಾದರೂ ಸಾಲದೆ ಹೊಸ ಡ್ರೈವರನ್ನೇ ತರಿಸಬೇಕಾದರೆ ಒಂದು ಇಕ್ಕಟ್ಟು ಎದುರಾಗುತ್ತದೆ. ಔಷಧ ಇಂಟರ್‌ನೆಟ್ಟಿನಲ್ಲಿದೆ, ರೋಗಿಗೆ ಇಂಟರ್‌ನೆಟ್ಟೇ ಇಲ್ಲ. ದೊಡ್ಡ ಪ್ರಮಾಣದಲ್ಲಿ ಇಂಥದ್ದೊಂದು ಇಕ್ಕಟ್ಟನ್ನು ಜಗತ್ತು 2024ರ ಜುಲೈ 19ರಂದು ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷದ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಸರಿಪಡಿಸುವ ಕ್ರಮ ಕೆಲವೇ ಗಂಟೆಗಳಲ್ಲಿ ಗೊತ್ತಾದರೂ, ಏಳದ ಯಂತ್ರಕ್ಕೆ ಅದನ್ನು ದೂರದಿಂದ ಮುಟ್ಟಿಸುವುದು ಹೇಗೆ? ಅನೇಕ ಕಡೆ ಒಂದೊಂದೇ ಯಂತ್ರದ ಮುಂದೆ ಮನುಷ್ಯ ಹೋಗಿ ಕೂತು ಕೆಟ್ಟ ಫೈಲನ್ನು ಅಳಿಸಬೇಕಾಯಿತು.

ಹಳ್ಳಿಯ ಅಂಗಡಿಯಲ್ಲಿ ಈ ಇಕ್ಕಟ್ಟಿಗೆ ಪರಿಹಾರ ಜೇಬಿನಲ್ಲೇ ಇದೆ. ಮೊಬೈಲ್ ಚಾರ್ಜಿಂಗ್ ವೈರು ಡೇಟಾ ಸಾಗಿಸುವಂಥದ್ದಾಗಿದ್ದರೆ ಅದರಿಂದ ಫೋನನ್ನು ಡೆಸ್ಕ್‌ಟಾಪಿಗೆ ಜೋಡಿಸಬೇಕು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಹಾಟ್‌ಸ್ಪಾಟ್ ಮತ್ತು ಟೆದರಿಂಗ್’ ತೆರೆದು ‘ಯುಎಸ್‌ಬಿ ಟೆದರಿಂಗ್’ ಚಾಲೂ ಮಾಡಿದರೆ ಫೋನಿನ ನೆಟ್ ವೈರಿನ ಮೂಲಕ ಕಂಪ್ಯೂಟರಿಗೆ ಹರಿಯುತ್ತದೆ. ವಿಂಡೋಸ್ ಇದನ್ನು ವೈಫೈ ಎಂದು ತಿಳಿಯುವುದೇ ಇಲ್ಲ, ತಂತಿಯ ನೆಟ್‌ವರ್ಕ್ ಎಂದೇ ಕಾಣುತ್ತದೆ. ಕೆಟ್ಟ ವೈಫೈ ಡ್ರೈವರಿನ ಹಂಗು ಅದಕ್ಕೆ ಬೇಕಿಲ್ಲ. ಬಹಳಷ್ಟು ಫೋನುಗಳು ತಾವು ಹಿಡಿದ ಅಂಗಡಿಯ ವೈಫೈಯನ್ನೂ ಇದೇ ವೈರಿನಲ್ಲಿ ಹಂಚುತ್ತವೆ, ಹೀಗಾಗಿ ಮೊಬೈಲ್ ಡೇಟಾ ಖರ್ಚಾಗುವ ಚಿಂತೆಯೂ ಇಲ್ಲ. ಕಾಕಾನ ಉತಾರ ಮೊದಲು ಈ ದಾರಿಯಲ್ಲಿ ಹೊರಬರಲಿ, ರಿಪೇರಿ ಆಮೇಲೆ ಸಾವಕಾಶ ನಡೆಯಲಿ.

ಎರಡನೆಯ ಮುಖ, ಅಂದರೆ ಖಾಲಿ ಪಟ್ಟಿ, ಹೆಚ್ಚು ಕಾಡುವುದಿಲ್ಲ. ‘ಏರೋಪ್ಲೇನ್ ಮೋಡ್’ ಚಾಲೂ ಆಗಿದೆಯೇ ನೋಡಬೇಕು. ‘ಸರ್ವಿಸಸ್’ ಪಟ್ಟಿಯಲ್ಲಿ ‘ಡಬ್ಲ್ಯುಲ್ಯಾನ್ ಆಟೋ ಕಾನ್ಫಿಗ್’ ಎಂಬ ಸೇವೆ ನಿಂತಿದ್ದರೆ ಅದನ್ನು ಚಾಲೂ ಮಾಡಬೇಕು. ಡಾಂಗಲ್ ಎಲ್ಲಿ ಕೂತಿದೆ ಎನ್ನುವುದೂ ಮುಖ್ಯ. ಕ್ಯಾಬಿನೆಟ್ಟಿನ ಹಿಂದೆ ಕಬ್ಬಿಣದ ಮರೆಯಲ್ಲಿ ಸಿಕ್ಕಿಸಿದ ಡಾಂಗಲಿಗೆ ಸಿಗ್ನಲ್ ಸರಿಯಾಗಿ ತಲುಪುವುದಿಲ್ಲ. ಯುಎಸ್‌ಬಿ 3.0 ಸಾಧನಗಳು ಹೊರಡಿಸುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ವೈಫೈಯನ್ನು ಕೆಡಿಸುತ್ತದೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ಅಳೆದು ತೋರಿಸಿದೆ. ಮಾರುದ್ದದ ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರು ಹಾಕಿ ಡಾಂಗಲನ್ನು ಟೇಬಲ್ಲಿನ ಮೇಲೆ ತಂದಿಟ್ಟರೆ ಈ ಎರಡೂ ಕಾಟ ತಪ್ಪುತ್ತವೆ.

ಮೂರನೆಯ ಮುಖಕ್ಕೆ ಮೊದಲ ಮದ್ದು, ಆ ವೈಫೈ ಹೆಸರಿನ ಮೇಲೆ ‘ಫರ್ಗೆಟ್’ ಒತ್ತಿ, ಪಾಸ್‌ವರ್ಡ್ ಹೊಸದಾಗಿ ಕೊಡುವುದು. ಆದರೂ ಆಗದಿದ್ದರೆ ದೋಷ ಅಪ್‌ಡೇಟಿನದ್ದೇ ಇರಬಹುದು. 2023ರ ಡಿಸೆಂಬರಿನಲ್ಲಿ ವಿಂಡೋಸ್ 11ರ ಅಪ್‌ಡೇಟ್ ಹಾಕಿಕೊಂಡ ಹಲವು ಯಂತ್ರಗಳು ವಿಶ್ವವಿದ್ಯಾಲಯ ಮತ್ತು ಕಚೇರಿಗಳ ವೈಫೈಗೆ ಜೋಡಣೆಯಾಗದೆ ಹೋದವು. ದೊಡ್ಡ ಆವರಣದಲ್ಲಿ ಒಂದು ರೌಟರಿನಿಂದ ಇನ್ನೊಂದಕ್ಕೆ ಕಡಿದುಹೋಗದಂತೆ ದಾಟಿಸುವ ತಂತ್ರವಿದ್ದ ಜಾಲಗಳಲ್ಲೇ ಈ ತೊಂದರೆ ಕಂಡಿತು. ಮನೆಗಳ ಸಾದಾ ರೌಟರುಗಳಿಗೆ ಅದು ತಟ್ಟುವ ಸಂಭವ ಕಡಿಮೆ ಇತ್ತು. ಮೈಕ್ರೋಸಾಫ್ಟ್ ಆ ಅಪ್‌ಡೇಟಿನ ಕೆಟ್ಟ ಭಾಗವನ್ನು ಮಾತ್ರ ತನ್ನ ಕಡೆಯಿಂದಲೇ ಹಿಂದಕ್ಕೆ ತಿರುಗಿಸಿತು. ಅಪ್‌ಡೇಟ್ ಬರೆದವರೂ ತಪ್ಪು ಮಾಡುತ್ತಾರೆ, ತಿದ್ದಿಕೊಳ್ಳಲು ದಾರಿಯನ್ನೂ ಇಟ್ಟಿರುತ್ತಾರೆ.

ನಾಲ್ಕನೆಯ ಮುಖದಲ್ಲಿ ಕಂಪ್ಯೂಟರಿನ ವಿಳಾಸ ನೋಡಬೇಕು. ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ ಎಂದು ಟೈಪ್ ಮಾಡಿದರೆ ಅಂಕಿಗಳ ಸಾಲು ಬರುತ್ತದೆ. ಐಪಿವಿ4 ವಿಳಾಸ 169.254 ಎಂದು ಶುರುವಾಗಿದ್ದರೆ ರೌಟರಿನಿಂದ ವಿಳಾಸ ಸಿಗದೆ ಯಂತ್ರ ತನಗೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಬ್ರಿಟನ್ನಿನವರನ್ನು 2016ರಲ್ಲಿ ಕಾಡಿದ್ದು ಇಂಥದೇ ತೊಂದರೆ. ಅದೇ ಐಪಿಕಾನ್ಫಿಗ್‌ನ ‘ರಿಲೀಸ್’ ಮತ್ತು ‘ರಿನ್ಯೂ’ ಆದೇಶಗಳನ್ನು ಒಂದಾದ ಮೇಲೊಂದು ಕೊಟ್ಟರೆ ಯಂತ್ರ ರೌಟರಿನ ಬಳಿ ಹೊಸ ವಿಳಾಸ ಕೇಳುತ್ತದೆ. ಕೊನೆಯ ಅಸ್ತ್ರವಾಗಿ ಸೆಟ್ಟಿಂಗ್ಸ್‌ನಲ್ಲಿ ‘ನೆಟ್‌ವರ್ಕ್ ರಿಸೆಟ್’ ಇದೆ. ಅದು ಉಳಿಸಿಟ್ಟ ವೈಫೈ ಪಾಸ್‌ವರ್ಡುಗಳನ್ನೆಲ್ಲ ಅಳಿಸುತ್ತದೆ, ಮೊದಲೇ ಬರೆದಿಟ್ಟುಕೊಳ್ಳಬೇಕು.

ಹಳೆಯ ಡೆಸ್ಕ್‌ಟಾಪುಗಳಲ್ಲಿ ಗಡಿಯಾರವನ್ನೂ ಒಮ್ಮೆ ನೋಡಬೇಕು. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ ಕರೆಂಟು ಹೋದಾಗಲೆಲ್ಲ ತಾರೀಖು ಹಿಂದಕ್ಕೆ ಓಡುತ್ತದೆ. ತಾರೀಖು ತಪ್ಪಿದರೆ ಬ್ಯಾಂಕು ಮತ್ತು ಸರ್ಕಾರಿ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳು ಹೊಂದಿಕೆಯಾಗದೆ ಪುಟಗಳು ತೆರೆಯುವುದಿಲ್ಲ. ನೆಟ್ ಇದ್ದೂ ಇಲ್ಲದಂತೆ ಕಾಣುತ್ತದೆ. ಸಿಆರ್ 2032 ಎಂಬ ಆ ಬ್ಯಾಟರಿ ಬದಲಿಸಿದರೆ ತೊಂದರೆ ತೀರಿತು.

ಲಿನಕ್ಸ್ ಬಳಸುವವರಿಗೂ ಇದೇ ಅನುಭವ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಕಂಪ್ಯೂಟರುಗಳಲ್ಲಿ ಕೇರಳದ ಕೈಟ್ ಸಂಸ್ಥೆ ಸಿದ್ಧಪಡಿಸಿದ, ಉಬುಂಟು ಆಧಾರಿತ ಲಿನಕ್ಸ್ ನಡೆಯುತ್ತದೆ. ಬಹುಪಾಲು ಡ್ರೈವರುಗಳು ಲಿನಕ್ಸಿನ ಕರ್ನಲ್ ಎಂಬ ತಿರುಳಿನೊಳಗೇ ಇರುತ್ತವೆ. ಆದರೆ ರಿಯಲ್‌ಟೆಕ್ ಚಿಪ್ಪಿನ ಕೆಲವು ಡಾಂಗಲುಗಳಿಗೆ ಡ್ರೈವರನ್ನು ಬೇರೆಯಾಗಿ ಕಟ್ಟಿ ಸೇರಿಸಬೇಕಾಗುತ್ತದೆ. ಕರ್ನಲ್ ಬದಲಾದಾಗಲೆಲ್ಲ ಅದನ್ನು ಮತ್ತೆ ಕಟ್ಟದಿದ್ದರೆ ವೈಫೈ ಮಾಯ. ಯಂತ್ರ ಏಳುವಾಗ ಬರುವ ಪಟ್ಟಿಯಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಆರಿಸಿ ಹಿಂದಿನ ಕರ್ನಲ್ ಮೇಲೆ ಎಂಟರ್ ಒತ್ತಿದರೆ ನಿನ್ನೆಯ ವೈಫೈ ಮರಳುತ್ತದೆ. ಉಬುಂಟು ಹಳೆಯ ಕರ್ನಲ್ ಒಂದನ್ನು ಸಾಮಾನ್ಯವಾಗಿ ಉಳಿಸಿಕೊಂಡಿರುತ್ತದೆ.

ವಿಂಡೋಸಿನಲ್ಲೂ ಹಾಗೆ ಹಿಂದಕ್ಕೆ ಹೋಗುವ ದಾರಿಗಳಿವೆ. ‘ಅಪ್‌ಡೇಟ್ ಹಿಸ್ಟರಿ’ ತೆರೆದರೆ ಯಾವ ಅಪ್‌ಡೇಟ್ ಯಾವ ದಿನ ಬಂತು ಎಂಬ ಪಟ್ಟಿ ಇರುತ್ತದೆ, ಅಲ್ಲಿಂದಲೇ ಅದನ್ನು ತೆಗೆದುಹಾಕಬಹುದು. ವಿಂಡೋಸ್‌ನ ಆವೃತ್ತಿಯೇ ಬದಲಾಗಿದ್ದರೆ ಸಾಮಾನ್ಯವಾಗಿ 10 ದಿನದೊಳಗೆ ‘ಗೋ ಬ್ಯಾಕ್’ ಒತ್ತಿ ಹಳೆಯದಕ್ಕೆ ಮರಳಬಹುದು. ಇದನ್ನು ಹೇಳಲೇಬೇಕಾದ ಕಾರಣವಿದೆ. ಕಂಪ್ಯೂಟರ್ ರಿಪೇರಿ ಎಂದರೆ ‘ಫಾರ್ಮ್ಯಾಟ್ ಹೊಡೆಯೋದು’ ಎಂಬ ರೂಢಿ ನಮ್ಮ ಊರುಗಳಲ್ಲಿ ಬೇರೂರಿದೆ. ಒಂದು ಡ್ರೈವರಿಗಾಗಿ ಇಡೀ ಡಿಸ್ಕ್ ಒರೆಸಿದರೆ ಗಿರಾಕಿಗಳ ಸ್ಕ್ಯಾನ್ ಪ್ರತಿಗಳು, ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಅರ್ಜಿಗಳು, ವರ್ಷಗಟ್ಟಲೆಯ ಲೆಕ್ಕ ಎಲ್ಲವೂ ಹೋಗುತ್ತವೆ. ಮೇಲೆ ಹೇಳಿದ ಯಾವ ಹಂತದಲ್ಲೂ ಒಂದೇ ಒಂದು ಕಡತ ಕಳೆಯುವುದಿಲ್ಲ.

ಹಾಗೆಂದು ಅಪ್‌ಡೇಟುಗಳನ್ನೇ ಕಾಯಂ ಬಂದ್ ಮಾಡುವುದು ಇನ್ನೂ ದೊಡ್ಡ ಅಪಾಯ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಒಂದು ದೋಷಕ್ಕೆ ಪರಿಹಾರ ಕಳಿಸಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳ ಮೇಲೆ ಎರಡು ತಿಂಗಳ ನಂತರ, ಮೇ 12ರಂದು, ವನ್ನಾಕ್ರೈ ದಾಳಿ ನಡೆಯಿತು. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಆ ದಾಳಿ ಕೆಲವೇ ದಿನಗಳಲ್ಲಿ 150 ದೇಶಗಳಿಗೆ ಹಬ್ಬಿತು. ನಮ್ಮ ನೆರೆಯ ವಯನಾಡಿನ ಒಂದು ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರುಗಳೂ ಅದಕ್ಕೆ ಸಿಕ್ಕವು. ಅದೇ ವರ್ಷ ಅಕ್ಟೋಬರಿನಲ್ಲಿ ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಸಂಶೋಧಕ ಮ್ಯಾಥಿ ವ್ಯಾನ್‌ಹೂಫ್, ವೈಫೈಗೆ ಕಾವಲಾಗಿರುವ ಡಬ್ಲ್ಯುಪಿಎ 2 ಪದ್ಧತಿಯಲ್ಲೇ ಬಿರುಕಿದೆ ಎಂದು ತೋರಿಸಿದರು. ಆ ಬಿರುಕು ಮುಚ್ಚಿದ್ದೂ ಅಪ್‌ಡೇಟುಗಳಿಂದಲೇ. ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ಕುಗಳ ಪ್ರತಿ ಇರುವ ಯಂತ್ರಕ್ಕೆ ಕಾವಲು ಬೇಡವೆನ್ನಲಾಗದು. ಕೊನೆಯ ದಿನಾಂಕದ ಗದ್ದಲವಿದ್ದಾಗ ‘ಪಾಜ್ ಅಪ್‌ಡೇಟ್ಸ್’ ಒತ್ತಿ ಒಂದು ವಾರ ಮುಂದೂಡಬಹುದು, ಆಮೇಲೆ ಹಾಕಿಕೊಳ್ಳಲೇಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11ಕ್ಕೆ ಹೋಗುವವರು ತಮ್ಮ ಡಾಂಗಲಿಗೆ ಅದರ ಡ್ರೈವರ್ ಇದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳಿತು.

ಡ್ರೈವರ್ ಹುಡುಕುವಾಗಲೂ ಎಚ್ಚರ ಬೇಕು. ಅದನ್ನು ತಯಾರಕ ಕಂಪನಿಯ ತಾಣದಿಂದಲೇ ಇಳಿಸಬೇಕು. ಗೂಗಲ್ಲಿನಲ್ಲಿ ಸಿಕ್ಕ ‘ಕಸ್ಟಮರ್ ಕೇರ್’ ಸಂಖ್ಯೆಗೆ ಫೋನ್ ಮಾಡಿ, ಅಪರಿಚಿತರು ಹೇಳಿದ ಆ್ಯಪ್ ಹಾಕಿ, ಪರದೆಯನ್ನು ಅವರ ಕೈಗೆ ಕೊಟ್ಟು ಹಣ ಕಳೆದುಕೊಂಡವರಿದ್ದಾರೆ. ಹಾಗಾದ ಕೂಡಲೇ ಕರೆ ಮಾಡಬೇಕಾದ ಸೈಬರ್ ಅಪರಾಧ ಸಹಾಯವಾಣಿ 1930.

ಇಷ್ಟನ್ನೂ ನೆನಪಿಟ್ಟುಕೊಳ್ಳುವ ಬದಲು ನೆಟ್ ಸರಿ ಇರುವ ದಿನವೇ ಹತ್ತು ನಿಮಿಷ ತೆಗೆದು ಒಂದು ಚೀಟಿ ಬರೆಯಬಹುದು. ಡಾಂಗಲಿನ ಕಂಪನಿ ಮತ್ತು ಮಾದರಿ, ಡಿವೈಸ್ ಮ್ಯಾನೇಜರಿನಲ್ಲಿ ಕಾಣುವ ಚಿಪ್ಪಿನ ಹೆಸರು, ಈಗ ಸರಿಯಾಗಿ ನಡೆಯುತ್ತಿರುವ ಡ್ರೈವರಿನ ಆವೃತ್ತಿ ಮತ್ತು ದಿನಾಂಕ, ವೈಫೈ ಪಾಸ್‌ವರ್ಡ್. ಪಾಸ್‌ವರ್ಡ್ ಇರುವ ಚೀಟಿ ಗಿರಾಕಿಗಳಿಗೆ ಕಾಣದಂತೆ ಡ್ರಾವರಿನೊಳಗೆ ಇರಲಿ. ಅದರ ಜತೆಗೆ ಆ ಡ್ರೈವರಿನ ಸೆಟಪ್ ಫೈಲ್ ಹಾಕಿದ ಒಂದು ಪೆನ್‌ಡ್ರೈವ್, ಡೇಟಾ ಸಾಗಿಸುವ ಒಂದು ಯುಎಸ್‌ಬಿ ವೈರು. ತಿಂಗಳ ಎರಡನೇ ಮಂಗಳವಾರದ ಮರುದಿನ ಅಂಗಡಿಯನ್ನು ಅರ್ಧ ಗಂಟೆ ಮೊದಲು ತೆರೆದು ಯಂತ್ರವನ್ನು ರಿಸ್ಟಾರ್ಟ್ ಮಾಡಿ ನೋಡಿದರೆ, ಕಾಕಾ ಉತಾರ ಕೇಳಿಕೊಂಡು ಬರುವ ಹೊತ್ತಿಗೆ ಪ್ರಿಂಟರಿಗೆ ಕಾಗದ ಹಾಕಿ ಕೂತಿರಬಹುದು.